ಬಂದುಹೋಗುವವರು

ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಪತಂಚಲ ಕಾಪ್ಯನೆಂಬ ಗೃಹಸ್ಥನ ಪ್ರಸ್ತಾಪ ಬರುತ್ತದೆ. ಮದ್ರದೇಶದಲ್ಲಿ ಅವನ ಮನೆ. ಯಜ್ಞವಿದ್ಯೆಯನ್ನು ಕಲಿಯಬೇಕೆಂದು ಉದ್ದಾಲಕ ಆರುಣಿ ಮೊದಲಾದವರು ಆ ಮನೆಯಲ್ಲಿ ತಂಗಿದ್ದರು. ಆ ಗೃಹಸ್ಥನ ಹೆಂಡತಿಯ ಮೈಮೇಲೆ ಒಬ್ಬ ಗಂಧರ್ವನು ಬಂದಿದ್ದನು. ನೀನು ಯಾರೆಂದು ಇವರು ವಿಚಾರಿಸಲು, ತಾನು ಆಥರ್ವಣ ಕಬಂಧನೆಂದು ಅವನು ಹೇಳಿಕೊಂಡನು. ಹೇಳಿಕೊಂಡು, ಈ ಲೋಕವೂ ಪರಲೋಕವೂ ಸಕಲ ಭೂತಗಳೂ ಯಾವ ದಾರದಲ್ಲಿ ಪೋಣಿಸಲ್ಪಟ್ಟಿವೆಯೋ ಅದನ್ನು ಬಲ್ಲಿರಾ ಎಂದು ಇವರನ್ನೇ ಪ್ರಶ್ನೆಮಾಡಿದನು. ಅದೇ ಅಧ್ಯಾಯದಲ್ಲಿ ಭುಜ್ಯು ಎಂಬಾತನೂ ಅದೇ ಮನೆಯ ಮಾತನ್ನೆತ್ತುತ್ತಾನೆ. ಅವನು ಹೋದಾಗ ಗಂಧರ್ವನು ಬಂದಿದ್ದುದು ಪತಂಚಲನ ಮಗಳ ಮೇಲೆ. ಆ ಗಂಧರ್ವನ ಹೆಸರು ಆಂಗಿರಸ ಸುಧನ್ವ.

ಬಂದ ಗಂಧರ್ವರಿಬ್ಬರ ಹೆಸರೂ ಗೋತ್ರವೂ ಇಷ್ಟು ಸಾವಿರ ವರ್ಷ ಉಳಿದುಬಂದಿವೆ. ಆ ಹೆಂಡತಿಯ ಹೆಸರೇನು, ಆ ಮಗಳ ಹೆಸರೇನು ಎಂದರೆ ಉಪನಿಷತ್ತಿನಲ್ಲಿ ಉತ್ತರವಿಲ್ಲ. ಗಂಧರ್ವನು ಬಿಟ್ಟುಹೋದ ಮೇಲೆ ಆ ತಾಯಿ ಏನೆಂದು ಕೇಳಿದಳು, ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗಿತ್ತೆ, ತೊಟ್ಟಿಲಲ್ಲಿ ಮಗುವಿದ್ದಿತೆ, ಇದೊಂದನ್ನೂ ಋಷಿಗಳು ಬರೆದಿಡಲಿಲ್ಲ. ಅವರ ಉದ್ದೇಶ ಬೇರೆ. ಆದಕಾರಣ ನಾವು ಅವರನ್ನು ಆಕ್ಷೇಪಿಸುವುದಿಲ್ಲ. ಆದರೆ ಮೈಸೂರಿನಲ್ಲಿ ಗುರುಗಳ ಮುಂದೆ ಕುಳಿತು ಈ ಭಾಗವನ್ನು ಮೊದಲ ಸಲ ಓದಿದಾಗ, ಅವರು ಅಂತರ್ಯಾಮಿಯ ವಿಚಾರವನ್ನು ವಿಸ್ತರಿಸುತ್ತಿದ್ದಷ್ಟು ಹೊತ್ತೂ ನಮ್ಮ ಮನಸ್ಸು ಪತಂಚಲನ ಅಡಿಗೆಮನೆಯಲ್ಲಿಯೇ ಇದ್ದಿತು. ಗುಂಡ್ಲುಪೇಟೆಯ ನಮ್ಮ ಮನೆಯೂ ಅಂಥದೇ ಆಗಿದ್ದುದರಿಂದ ಅದು ಸಹಜವೇ.

ನಮ್ಮ ತಾಯಿಯವರು ಮಿತಭಾಷಿಗಳು. ಬೆಳಗಿನ ಜಾವಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗವಲ್ಲಿ ಇಟ್ಟರೆಂದರೆ ರಾತ್ರಿ ಒಲೆ ಸಾರಿಸುವವರೆಗೆ ಕೈಗೆ ಬಿಡುವಿಲ್ಲ. ಅವರಲ್ಲಿಗೆ ಬಂದುಹೋಗುವವರು ಮೂವರಿದ್ದರು. ಮೊದಲನೆಯವರು ಅಮ್ಮನವರು. ಇವರು ಬಂದಾಗ ಕಣ್ಣು ಅಗಲವಾಗುತ್ತಿದ್ದಿತು, ದನಿ ದಪ್ಪನಾಗುತ್ತಿದ್ದಿತು, ತಲೆ ಕೆದರಿಕೊಂಡು ಮಂಗಳವಾರ ಶುಕ್ರವಾರಗಳಲ್ಲಿ ಅಪ್ಪಣೆ ಕೊಡುತ್ತಿದ್ದರು. ಎರಡನೆಯವರನ್ನು ಮನೆಯಲ್ಲಿ ದೊಡ್ಡವರು ಎಂದು ಕರೆಯುತ್ತಿದ್ದೆವು. ಅವರು ಹೆಚ್ಚಾಗಿ ಕತ್ತಲಾದ ಮೇಲೆ ಬರುವರು; ಬಾಗಿಲುಗಳ ಅಗುಳಿಯನ್ನೆಲ್ಲ ಎರಡೆರಡು ಸಲ ನೋಡಿ, ಮಲಗಿದ ಮಕ್ಕಳನ್ನು ಎಣಿಸಿ, ಒನಕೆಯನ್ನು ಮಗ್ಗುಲಿಗಿಟ್ಟುಕೊಂಡು ಹೊಸ್ತಿಲ ಬಳಿ ಬೆಳಗಾಗುವವರೆಗೆ ಕುಳಿತಿರುವರು. ಮೂರನೆಯವಳು ಪುಟ್ಟಿ. ಅವಳಿಗೆ ಆರೋ ಏಳೋ ವರ್ಷ. ಮೂವತ್ತು ವರ್ಷದ ನಮ್ಮ ತಾಯಿಯವರು ಮೊಣಕಾಲನ್ನು ಎದೆಗವಚಿಕೊಂಡು ಕಣಜದ ಹಿಂದೆ ಕುಳಿತು, "ಅಣ್ಣ, ನಂಗೆ ಪುರಿ ಕೊಡು" ಎಂದು ಒಂಬತ್ತು ವರ್ಷದ ನಮ್ಮನ್ನು ಕೇಳುವರು. ನಾವು ಕೊಡುತ್ತಿದ್ದೆವು. ಪುರಿಗೆ ಒಂದು ಚೂರು ಬೆಲ್ಲವೂ ಬೇಕು, ಇಲ್ಲವಾದರೆ ಅಳು.

ಮನೆಯ ಮಕ್ಕಳಿಗೆ ಇದರಲ್ಲಿ ಒಂದು ವಿದ್ಯೆ ತಾನಾಗಿಯೇ ಬಂದುಬಿಡುತ್ತದೆ. ಭಾರತದ ನಳೋಪಾಖ್ಯಾನದಲ್ಲಿ ಕಲಿಯು ಹೊಕ್ಕ ನಳನು ಕುರೂಪಿಯಾದ ಬಾಹುಕನಾಗಿ ಬಂದಾಗ, ದಮಯಂತಿ ಅವನು ಬೇಯಿಸಿದ ಪದಾರ್ಥವನ್ನು ತರಿಸಿ ರುಚಿ ನೋಡಿ ತನ್ನ ಗಂಡನೆಂದು ಅರಿತಳಷ್ಟೆ. ನಾವು ಮತ್ತು ನಮ್ಮ ತಂಗಿ ಶಾಲೆಯಿಂದ ಬಂದವರೇ ಸಾರಿನ ಉಪ್ಪನ್ನು ನೋಡುತ್ತಿದ್ದೆವು. ತಾಯಿಯವರ ಸಾರಿಗೆ ಉಪ್ಪು ಎಂದೂ ತಪ್ಪದು. ದೊಡ್ಡವರು ಮಾಡಿದ ಸಾರಿಗೆ ಉಪ್ಪೇ ಇರದು. ಒಲೆಯೇ ಹೊತ್ತಿರದಿದ್ದರೆ ಪುಟ್ಟಿ ಬಂದಿದ್ದಾಳೆಂದು ತಿಳಿದು, ತಂಗಿ ಕಣಜದ ಹಿಂದಕ್ಕೂ ನಾವು ಪುರಿಯ ಡಬ್ಬಿಯ ಕಡೆಗೂ ಹೋಗುತ್ತಿದ್ದೆವು. ಸೆರಗನ್ನು ಎಡಕ್ಕೆ ಸಿಕ್ಕಿದ್ದಾರೆಯೋ ಬಲಕ್ಕೆ ಸಿಕ್ಕಿದ್ದಾರೆಯೋ, ನಮ್ಮನ್ನು ಹೆಸರು ಹಿಡಿದು ಕರೆದರೋ 'ಮಗ' ಎಂದರೋ, ಇವೆಲ್ಲ ನಮಗೆ ಪಂಚಾಂಗದಂತೆ. ನೆರೆಯ ಮಕ್ಕಳಿಗೆ ತಾಯಿಯ ಮುಖವನ್ನು ಹೀಗೆ ಓದುವ ಅಗತ್ಯವಿಲ್ಲವೆಂಬುದೇ ನಮಗೆ ಬಹುಕಾಲ ಗೊತ್ತಿರಲಿಲ್ಲ.

ಊರಿನವರಿಗೆ ಬೇಕಾಗಿದ್ದವರು ಅಮ್ಮನವರು ಮಾತ್ರ. ಇದು ಬೆಟ್ಟಗಳ ಸೀಮೆ. ಮಂಜು ಮುಸುಕಿದ ಹಿಮವದ್ಗೋಪಾಲಸ್ವಾಮಿ ಬೆಟ್ಟ ಒಂದು ಕಡೆ, ಕಂದೇಗಾಲದ ಪಾರ್ವತಾಂಬೆಯ ಬೆಟ್ಟ ಇನ್ನೊಂದು ಕಡೆ, ಮೂಡಲಲ್ಲಿ ದೂರಕ್ಕೆ ಮಹದೇಶ್ವರನ ಬೆಟ್ಟ. ಮೈಮೇಲೆ ದೇವರು ಬರುವುದು ಇಲ್ಲಿ ಅಪರೂಪವಲ್ಲ, ಅಗೌರವವೂ ಅಲ್ಲ. ಜಾತ್ರೆಯಲ್ಲಿ ಮಿಂದು ಮಡಿಯುಟ್ಟು ತಮಟೆಯ ಗತಿಗೆ ದೇವರನ್ನು ಬರಮಾಡಿಕೊಂಡು, ಪೂಜೆ ಮುಗಿದ ಮೇಲೆ ಎದ್ದು ಹೊಲದ ಕೆಲಸಕ್ಕೆ ಹೋಗುವವರನ್ನು ರೋಗಿಗಳೆಂದು ಯಾರೂ ಹೇಳಬಾರದು. ಇಂದಿನ ವೈದ್ಯರೂ ಹಾಗೆ ಹೇಳುವುದಿಲ್ಲ. ಕಾಲ, ಸ್ಥಳ, ಕರೆದರೆ ಬರುವುದು, ಕಳಿಸಿದರೆ ಹೋಗುವುದು, ಇಷ್ಟಿದ್ದರೆ ಅದು ಆಚಾರ. ಕರೆಯದೆ ಬಂದು, ಕಳಿಸಿದರೆ ಹೋಗದೆ, ಹೋದ ಮೇಲೆ ಮನೆಯಾಕೆಗೆ ಅರ್ಧ ದಿವಸದ ನೆನಪನ್ನೇ ಕೊಂಡೊಯ್ಯುವುದಾದರೆ ಅದು ಸಂಕಟ. ನಮ್ಮ ತಾಯಿಯವರದು ಎರಡನೆಯ ಬಗೆಯದು. ಆದರೂ ನಾಲ್ಕಾರು ತಿಂಗಳಲ್ಲಿಯೇ ತೆಂಗಿನಕಾಯಿ ಹಿಡಿದವರು ಜಗಲಿಯಲ್ಲಿ ಕಾದು ಕೂರತೊಡಗಿದರು. ಕಳೆದುಹೋದ ಎಮ್ಮೆ, ಕೂಡಿಬಾರದ ಕಂಕಣ, ದಾಯಾದಿಗಳ ವ್ಯಾಜ್ಯ, ಎಲ್ಲಕ್ಕೂ ಅಪ್ಪಣೆ ಬೇಕು. ನಮ್ಮ ಬಂಧುಗಳಲ್ಲಿ ಒಬ್ಬರು ಹಿತ್ತಲಿನಲ್ಲಿ ಒಂದು ಗುಡಿ ಕಟ್ಟಿಸಿಬಿಡೋಣವೆಂದೂ ಹೇಳಿದರು. ತಂದೆಯವರು, "ಗುಡಿ ಕಟ್ಟಿದರೆ ದೇವರಿಗೆ ಮನೆಯಾದೀತು. ಇವಳಿಗೆ ಮನೆ ಎಲ್ಲಿ?" ಎಂದು ಕೇಳಿ ಕಾಯಿಗಳನ್ನೆಲ್ಲ ಹಿಂದಕ್ಕೆ ಕಳುಹಿಸಿದರು.

ತಂದೆಯವರು ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದವರು. ವೇದಾಂತವನ್ನು ಓದಿದವರಲ್ಲ, ಕಿರ್ದಿ ಖಾತೆಗಳನ್ನು ಬರೆದವರು. ಒಂದು ದಿನ ತಾಯಿಯವರು ಎಚ್ಚೆತ್ತು, ಕೈಬಳೆ ಒಡೆದಿರುವುದನ್ನು ಕಂಡು ನಡುಗುತ್ತ, "ಏನೂಂದ್ರೆ, ನಾನು ಏನು ಮಾಡಿದೆ?" ಎಂದು ಕೇಳಿದರು. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಇನ್ನೊಂದು. ನೆರೆಯಾಕೆ ಒಂದಕ್ಕೆ ನಾಲ್ಕು ಸೇರಿಸಿದರು. ಅಂದು ರಾತ್ರಿಯೇ ತಂದೆಯವರು ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಕಿರ್ದಿ ಬರೆಯುವುದಕ್ಕೆ ತೊಡಗಿದರು. ಅದು 1973ನೆಯ ಇಸವಿ. ಯಾರು ಎಷ್ಟು ಗಂಟೆಗೆ ಬಂದರು, ಏನಾಡಿದರು, ಏನು ಉಂಡರು, ಯಾರಿಗೆ ಏನು ಕೊಟ್ಟರು, ಯಾವಾಗ ಹೋದರು, ಇಷ್ಟೇ. ವಿಶೇಷಣಗಳಿಲ್ಲ, ನಿಟ್ಟುಸಿರಿಲ್ಲ. ತಾಯಿಯವರು ಕೇಳಿದಾಗ ಅದನ್ನೇ ಓದಿ ಹೇಳುವರು, ಕೇಳದಿದ್ದರೆ ಹೇಳರು. ಕಬಂಧನು ಕೇಳಿದ ದಾರವು ವಾಯುವೆಂದು ಯಾಜ್ಞವಲ್ಕ್ಯರ ಉತ್ತರ. ನಮ್ಮ ಮನೆಯಲ್ಲಿ ಆ ದಾರ ನಾಲ್ಕಾಣೆಯ ಮಸಿಯಲ್ಲಿ ಬರೆದದ್ದು.

ಚಿಕಿತ್ಸೆಯ ಹೆಸರಿನಲ್ಲಿ ನಡೆದುದೂ ಆ ಕಿರ್ದಿಯಲ್ಲಿದೆ. ಒಂದು ಊರಿಗೆ ಕರೆದುಕೊಂಡು ಹೋದರು, ಹೆಸರು ಬೇಡ. ಅಲ್ಲಿ ಮೆಣಸಿನಕಾಯಿಯ ಹೊಗೆ ಹಾಕಿ, ಬೇವಿನ ಬರಲಿನಿಂದ ಬಾರಿಸಿ, "ಯಾರು ನೀನು, ಹೇಳು" ಎಂದು ಗದರಿಸಿದರು. ಮೂವರಲ್ಲಿ ಆ ಹೊಗೆಗೆ ಬಂದವಳು ಪುಟ್ಟಿ. ಏಟು ತಿಂದವಳೂ ಅವಳೇ. ತಂದೆಯವರು ಅರ್ಧದಲ್ಲಿಯೇ ಕೈಹಿಡಿದು ಎಬ್ಬಿಸಿಕೊಂಡು ಬಂದರು. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದೆಂಬುದು ನಿಜ. ವಾಗ್ಭಟನ ಉತ್ತರಸ್ಥಾನದಲ್ಲಿ ಉನ್ಮಾದದ ಅಧ್ಯಾಯಕ್ಕೆ ಮೊದಲೇ ಭೂತಗಳ ಅಧ್ಯಾಯಗಳಿವೆ. ಆದರೆ ಅದೇ ಪರಂಪರೆಯಲ್ಲಿ ಚರಕನು ನಿದಾನಸ್ಥಾನದಲ್ಲಿ ಇಂಥ ಕ್ಲೇಶಗಳಿಗೆ ದೇವತೆಗಳನ್ನೂ ಪಿಶಾಚಗಳನ್ನೂ ದೂರಬಾರದೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಇಟ್ಟಿದ್ದಾನೆ. ನಮ್ಮವರು ಶಾಸ್ತ್ರದ ಹೆಸರಿನಲ್ಲಿ ಮೆಣಸಿನಕಾಯಿಯನ್ನು ಉಳಿಸಿಕೊಂಡು ಚರಕನ ಮಾತನ್ನು ಬಿಟ್ಟುಬಿಟ್ಟರು.

1983ರಲ್ಲಿ, ನಾವು ಮೈಸೂರಿನಲ್ಲಿ ಓದುತ್ತಿದ್ದಾಗ, ತಾಯಿಯವರನ್ನು ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಆಗಿದ್ದಿತು. ಗುಂಡ್ಲುಪೇಟೆಯಿಂದ ಸುಮಾರು 200 ಕಿಲೋಮೀಟರು, ಎರಡು ಬಸ್ಸು. ತಂದೆಯವರು ಹತ್ತು ವರ್ಷದ ಕಿರ್ದಿಯನ್ನು ಚೀಲದಲ್ಲಿ ಹೊತ್ತಿದ್ದರು. ವೈದ್ಯರು ಅವುಗಳನ್ನು ಎರಡು ದಿವಸ ಇಟ್ಟುಕೊಂಡು ಓದಿದರು. ಆಮೇಲೆ ನಮ್ಮನ್ನು ಹೊರಗೆ ಕಳುಹಿಸಿ ತಾಯಿಯವರನ್ನು ಕೇಳಿದ ಮೊದಲ ಪ್ರಶ್ನೆ, ಅವರೇ ನಮಗೆ ಹೇಳಿದಂತೆ, ಬಂದವರನ್ನು ಕುರಿತುದಲ್ಲ. "ಇವರೆಲ್ಲ ಬಂದಾಗ ನೀವು ಎಲ್ಲಿಗೆ ಹೋಗುತ್ತೀರಮ್ಮ?" ಎಂದು ಕೇಳಿದರಂತೆ. ಹತ್ತು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, "ಬಾವಿಯೊಳಗೆ ಕೂತ ಹಾಗೆ. ಮೇಲೆ ಮಾತು ಕೇಳ್ತದೆ, ಮುಖ ಕಾಣೋದಿಲ್ಲ" ಎಂದರಂತೆ.

ಅವರು ಏಳು ವರ್ಷದವರಿದ್ದಾಗ ತಾಯಿ ತೀರಿಕೊಂಡು, ಬಂಧುಗಳ ಮನೆಯಲ್ಲಿ ಬೆಳೆದವರು. ಆ ಮನೆಯಲ್ಲಿ ನಡೆದುದನ್ನು ಅವರು ವೈದ್ಯರಿಗೆ ಹೇಳಿದರು. ಬಹುಕಾಲದ ಮೇಲೆ ನಮ್ಮ ತಂಗಿಗೆ ಹೇಳಿದರು. ಅದು ಅವರದು, ಇಲ್ಲಿ ಬರೆಯತಕ್ಕುದಲ್ಲ. ದೊಡ್ಡವರು ಏಕೆ ಒನಕೆ ಹಿಡಿದು ಹೊಸ್ತಿಲಲ್ಲಿ ಕೂರುತ್ತಿದ್ದರು, ತಂಗಿಯನ್ನು ಮುದ್ದಿಸಲು ಬಂದ ಗಂಡಸರನ್ನು, ಬಂಧುಗಳೆಂದೂ ನೋಡದೆ, ಏಕೆ ಹೊರಗೆ ಅಟ್ಟುತ್ತಿದ್ದರು ಎಂಬುದು ಆಗ ತಂದೆಯವರಿಗೆ ತಿಳಿಯಿತು. ಅವರು ಅಂದಿನಿಂದ ಕಿರ್ದಿಯಲ್ಲಿ 'ದೊಡ್ಡವರು ಗಲಾಟೆ ಮಾಡಿದರು' ಎಂದು ಬರೆಯುವುದನ್ನು ಬಿಟ್ಟು 'ದೊಡ್ಡವರು ಕಾವಲಿದ್ದರು' ಎಂದು ಬರೆದರು.

ಈ ವ್ಯಾಧಿಯ ಹೆಸರು ನಮ್ಮ ಕಣ್ಣೆದುರಿಗೇ ಹಲವು ಸಲ ಬದಲಾಯಿತು. ನಮಗೆ ಮೊದಲು ಕೊಟ್ಟ ಕಾಗದದಲ್ಲಿ ಹಿಸ್ಟೀರಿಯ ಎಂದಿತ್ತು. ಅಮೆರಿಕದವರ ಗ್ರಂಥದಲ್ಲಿ 1980ರಲ್ಲಿ ಬಹುವ್ಯಕ್ತಿತ್ವವೆಂದಿದ್ದುದು 1994ರಲ್ಲಿ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಆಯಿತು. ನಾನೆಂಬುದರ ಎಳೆಗಳು ಬಿಡಿಬಿಡಿಯಾದ ಸ್ಥಿತಿ ಎಂದು ಅರ್ಥ ಮಾಡಬಹುದು. ಇದು ಸ್ಕಿಜೋಫ್ರೇನಿಯ ಅಲ್ಲ. ಪತ್ರಿಕೆಗಳು ಇವೆರಡನ್ನೂ ಒಂದೇ ಎಂದು ಬರೆಯುವುದುಂಟು. ಬಾಲ್ಯದಲ್ಲಿ ತಡೆಯಲಾರದ ಭಯ, ಹಿಂಸೆಗಳಿಗೆ ಸಿಕ್ಕಿದವರಲ್ಲಿ ಇದು ಹೆಚ್ಚೆಂದು ಬಹುಮಂದಿ ವೈದ್ಯರ ಮತ. ಕೆಲವರು ವೈದ್ಯರ ಪ್ರಶ್ನೆಗಳೇ ಇದನ್ನು ಬೆಳೆಸುತ್ತವೆಂದು ವಾದಿಸಿದ್ದಾರೆ. ನಮ್ಮ ದೇಶದಲ್ಲಿ ಮೈಮೇಲೆ ಬರುವುದು ಹೆಚ್ಚು, ಬಹುವ್ಯಕ್ತಿತ್ವ ವಿರಳವೆಂದು ದೆಹಲಿಯ ವೈದ್ಯರು ಮೂವರು ರೋಗಿಗಳ ವೃತ್ತಾಂತದೊಡನೆ 1989ರಲ್ಲಿ ಬರೆದರು. 2013ರ ಅಮೆರಿಕದ ಗ್ರಂಥವಂತೂ ಮೈಮೇಲೆ ಬರುವುದನ್ನೂ ಇದೇ ಲಕ್ಷಣದೊಳಗೆ ಸೇರಿಸಿಕೊಂಡಿದೆ. ನಮ್ಮ ಮನೆಯಲ್ಲಿ ಎರಡೂ ಒಂದೇ ಚಾಪೆಯ ಮೇಲೆ ಕುಳಿತಿದ್ದುವು. ಹೆಸರಿನ ಜಗಳ ನಮಗೆ ದೂರದ್ದಾಗಿ ಕಂಡಿತು.

ದೂರದೇಶಗಳಲ್ಲಿಯೂ ಇಂಥ ತಾಯಂದಿರು ಇದ್ದರು. ಫ್ರಾನ್ಸಿನ ಬೋರ್ಡೋ ಪಟ್ಟಣದಲ್ಲಿ ಫೆಲಿಡಾ ಎಂಬ ಹೊಲಿಗೆಯಾಕೆಯನ್ನು ಅಜಾಂ ಎಂಬ ವೈದ್ಯರು 1858ರಿಂದ ನೋಡುತ್ತ ಬಂದರು. ಆಕೆಗೆ ಎರಡು ಸ್ಥಿತಿಗಳು. ಒಂದರಲ್ಲಿ ಮೌನ, ದುಗುಡ. ಇನ್ನೊಂದರಲ್ಲಿ ನಗು, ಮಾತು. ಎರಡನೆಯದರಲ್ಲಿ ನಡೆದುದು ಮೊದಲನೆಯದರಲ್ಲಿ ನೆನಪಿರದು. ತಾನು ಗರ್ಭಿಣಿಯೆಂಬುದೇ ಒಂದು ಸ್ಥಿತಿಯಲ್ಲಿ ಆಕೆಗೆ ತಿಳಿದಿರಲಿಲ್ಲ. ಒಂದು ಸಲ ಶವಸಂಸ್ಕಾರ ಮುಗಿಸಿ ಗಾಡಿಯಲ್ಲಿ ಬರುತ್ತಿರುವಾಗ ಸ್ಥಿತಿ ಬದಲಾಗಿ, ಕಪ್ಪುಡುಗೆ ತೊಟ್ಟ ಹೆಂಗಸರ ನಡುವೆ ಕುಳಿತು, ಸತ್ತವರು ಯಾರೆಂದು ತಿಳಿಯದೆ, ಜಾಣತನದಿಂದ ಅದೂ ಇದೂ ಕೇಳಿ ತಿಳಿದುಕೊಂಡಳಂತೆ. ಇದನ್ನು ಓದಿ ತಾಯಿಯವರಿಗೆ ಹೇಳಿದೆವು. ಅವರು, "ಪಾಪ, ಅವಳಿಗೆ ಬರೆದಿಡುವವರು ಇರಲಿಲ್ಲವೇನೋ" ಎಂದರು.

ನಮ್ಮ ಕಡೆ ಈ ವಿಷಯಕ್ಕೆ ದೊಡ್ಡ ಪ್ರಚಾರ ಕೊಟ್ಟದ್ದು 2004ರ 'ಆಪ್ತಮಿತ್ರ' ಚಲನಚಿತ್ರ. ಸೌಂದರ್ಯ ಅವರ ಅಭಿನಯ ಚೆನ್ನಾಗಿದೆ. ಅದು ತೆರೆ ಕಾಣುವ ಮೊದಲೇ ಆಕೆ ತೀರಿಕೊಂಡರು. ಆದರೆ ಆ ಬಳಿಕ ಬೀದಿಯ ಹುಡುಗರಿಗೆ ಇಂಥ ಹೆಂಗಸರೆಲ್ಲ ನಾಗವಲ್ಲಿಯರಾದರು. ಚಿತ್ರದಲ್ಲಿ ಒಂದು ರಾತ್ರಿಯ ಉಪಾಯದಿಂದ ಎಲ್ಲವೂ ಸರಿಹೋಗುತ್ತದೆ. ಮನೆಗಳಲ್ಲಿ ಹಾಗಾಗುವುದಿಲ್ಲ. ಈ ಎಳೆಗಳನ್ನು ಕೂಡಿಸುವ ಗುಳಿಗೆಯೇ ಇಲ್ಲ. ನಿದ್ರೆಗೆ, ಕುಗ್ಗಿದ ಮನಸ್ಸಿಗೆ ಔಷಧವುಂಟು, ಉಳಿದದ್ದೆಲ್ಲ ವರ್ಷಗಟ್ಟಳೆ ನಡೆಯುವ ಮಾತುಕತೆ. ವೈದ್ಯರು ನಮಗೆ ಹೇಳಿಕೊಟ್ಟುದು ಸ್ವಲ್ಪವೇ: ಬಂದವರನ್ನು ತಮಾಷೆಗೆ ಕರೆಯಬೇಡಿ, ಬಂದರೆ ಹೊಡೆದಾಡಬೇಡಿ, ಒಬ್ಬರನ್ನು ಮೆಚ್ಚಿ ಒಬ್ಬರನ್ನು ತೆಗಳಬೇಡಿ, ನಡೆದುದನ್ನು ಮುಚ್ಚಬೇಡಿ. ಅಮ್ಮನವರು ಎರಡು ವರ್ಷದಲ್ಲಿ ಬರುವುದನ್ನು ನಿಲ್ಲಿಸಿದರು. ಕಾಯಿ ತರುವವರು ನಿಂತುದರಿಂದ ಹಾಗಾಯಿತೆಂದು ತಂದೆಯವರ ಅಭಿಪ್ರಾಯ. ಅದರಲ್ಲಿ ಹುರುಳಿದೆಯೆಂದು ನಮಗೂ ತೋರುತ್ತದೆ.

ತಂಗಿಯ ವಿವಾಹದ ವಿಷಯವನ್ನು ಗೃಹಸ್ಥರಾದ ವಾಚಕರು ಕೇಳದೆ ಬಿಡರು. ಮೊದಲು ಕೂಡಿಬಂದ ಸಂಬಂಧ ಮುರಿದುಬಿತ್ತು. ತಂದೆಯವರೇ ತಾವಾಗಿ ಹೋಗಿ ಎಲ್ಲವನ್ನೂ ಹೇಳಿ ಬಂದುದು ಅದಕ್ಕೆ ಕಾರಣ. ಬಂಧುಗಳು ಅವರನ್ನು ಛೀಮಾರಿ ಮಾಡಿದರು. ತಾಳಿ ಕಟ್ಟುವವರೆಗೆ ಬಾಯಿ ಮುಚ್ಚಿಕೊಂಡಿರಬಹುದಾಗಿತ್ತಲ್ಲ ಎಂದರು. ಎರಡನೆಯ ಸಂಬಂಧ ತೆರಕಣಾಂಬಿಯ ಕಡೆಯದು. ಅಲ್ಲಿಯೂ ಹೋಗಿ ಹೇಳಿದರು. ಹುಡುಗನ ತಾಯಿ ಕೇಳಿ ಸುಮ್ಮನಿದ್ದು, ನಿಶ್ಚಿತಾರ್ಥದ ದಿವಸ ಮಡಿಲಕ್ಕಿಯ ಸಾಮಾನಿನೊಡನೆ ಒಂದು ಸೇರು ಪುರಿಯನ್ನೂ ಬೆಲ್ಲವನ್ನೂ ತಂದಿದ್ದರು. ಅಂದು ಪುಟ್ಟಿ ಬರಲಿಲ್ಲ. ಪುರಿಯನ್ನು ನೆಂಟರ ಮಕ್ಕಳು ತಿಂದರು.

ಅಂದು ಬೆಂಗಳೂರಿಗೆ ಹೋಗದೆ ಗತಿಯಿರಲಿಲ್ಲ. ಇಂದು ಚಾಮರಾಜನಗರದಲ್ಲಿಯೇ ವೈದ್ಯಕೀಯ ಕಾಲೇಜು ಇದೆ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ. ಅದು 2022ರಲ್ಲಿ ಆರಂಭವಾದುದು. ಮೆಣಸಿನಕಾಯಿಗೆ ಮೊದಲು ಅಲ್ಲಿಗೆ ಕರೆ ಮಾಡುವುದು ಒಳ್ಳೆಯದು.

ತಂದೆಯವರು 2006ರಲ್ಲಿ ಕಾಲವಾದರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ತಾಯಿಯವರು ಅಟ್ಟದಿಂದ ಕಿರ್ದಿಗಳನ್ನು ಇಳಿಸುವಂತೆ ಹೇಳಿದರು. ಕನ್ನಡಕ ಹಾಕಿಕೊಂಡು ದಿನಕ್ಕೆ ಇಷ್ಟಿಷ್ಟೆಂದು ಒಂದೂವರೆ ತಿಂಗಳು ಓದಿದರು. ಓದುತ್ತ ಒಮ್ಮೊಮ್ಮೆ ನಕ್ಕರು. ಹೊಗೆಯ ಪುಟಕ್ಕೆ ಬಂದಾಗ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ಮುಂದಿನ ಖಾಲಿ ಪುಟಗಳಲ್ಲಿ ತಾವೇ ಬರೆಯಲಾರಂಭಿಸಿದರು.

ಅವರ ಅಕ್ಷರ ದುಂಡಗೆ. ಮೊದಮೊದಲು ಬರೆದ ಸಾಲುಗಳು ನಮ್ಮನ್ನು ಕೇಳಿ ಬರೆದವು: ನಿನ್ನೆ ಸಂಜೆ ಪುಟ್ಟಿ ಬಂದಿದ್ದಳಂತೆ, ಪುರಿ ತಿಂದಳಂತೆ, ದೀಪ ಹಚ್ಚಿದ ಮೇಲೆ ಹೋದಳಂತೆ. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವರಾದುದರಿಂದ ಆ 'ಅಂತೆ'ಯ ಮೇಲೆಯೇ ನಮ್ಮ ಕಣ್ಣು. ತಾನು ಕಾಣದೆ ಪರರಿಂದ ಕೇಳಿದುದನ್ನು ಹೇಳುವಾಗ ಕನ್ನಡಿಗನು ಅದನ್ನು ಬಿಡಲಾರನು. ಎರಡು ಮೂರು ವರ್ಷ ಹೀಗೆಯೇ ನಡೆಯಿತು. 2010ರ ಶ್ರಾವಣ ಮಾಸದ ಒಂದು ಪುಟದಲ್ಲಿ ಬರೆದಿರುವುದು ಇಷ್ಟು: ಮಧ್ಯಾಹ್ನ ಪುಟ್ಟಿ ಬಂದಳು. ಅಳುತ್ತಿದ್ದಳು. ಪುರಿ ಕೊಟ್ಟೆ.

ಆಮೇಲೆ ಪುಟ್ಟಿ ನಾಲ್ಕೈದು ಸಲ ಬಂದಿದ್ದಾಳೆ. ದೊಡ್ಡವರು ಕಡೆಯವರೆಗೂ ವರ್ಷಕ್ಕೊಮ್ಮೆ ಎರಡು ಸಲ ಬಾಗಿಲುಗಳನ್ನು ನೋಡಿ ಹೋಗುತ್ತಿದ್ದರು. ತಾಯಿಯವರು 2017ರಲ್ಲಿ ತೀರಿಕೊಂಡರು. ಕಿರ್ದಿಗಳು ಈಗ ತೆರಕಣಾಂಬಿಯಲ್ಲಿ ತಂಗಿಯ ಮನೆಯಲ್ಲಿವೆ. ಗೆದ್ದಲು ಹತ್ತದಂತೆ ಬೇವಿನ ಸೊಪ್ಪನ್ನು ಹಾಕಿ ಇಟ್ಟಿದ್ದಾಳೆ.